ಗೆಸ್ಟ್ ಯಾರಾದ್ರೂ ಇರ್ಲಿ, ವಿಷಯ ಮಾತ್ರ ಸಣ್ಣದಿರ್ಲಿ

(ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು. ಸ್ವಾಗತ, ವಂದನೆ, ನಡುವೆ ಮೈಕ್ ಕೆಟ್ಟಿದ್ದು ಎಲ್ಲ ತೆಗೆದಿದೀನಿ.)

ಹೋದ ಜುಲೈನಲ್ಲಿ ನಮ್ಮ ಸಂಜೆ ಪ್ರೋಗ್ರಾಮಿಗೆ ಯಾರ್ಯಾರು ಬಂದ್ರು ಅಂತ ಮೊದಲು ಹೇಳ್ಬಿಡ್ತೀನಿ. ಹೆಸರು ಬೇಡ, ಕೆಲಸ ಮಾತ್ರ ಹೇಳ್ತೀನಿ. ಉಡುಪಿ ಹೋಟೆಲಲ್ಲಿ ಜೀವಮಾನ ಎಲ್ಲ ಹಿಟ್ಟು ರುಬ್ಬಿದ ಒಬ್ರು, ಲೋಕಲ್ ಟ್ರೇನಲ್ಲಿ ಗಾರ್ಡ್ ಆಗಿ ರಿಟೈರ್ ಆದ ಒಬ್ರು, ರಾತ್ರಿ ಶಾಲೆ ಟೀಚರ್ರು, ಪಿಗ್ಮಿ ಕಲೆಕ್ಟ್ ಮಾಡ್ತಿದ್ದೋರು, ಮಿರಜಿಂದ ತಂಬೂರಿ ಕೆಲಸದೋರು, ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟೋ ಸೊಸೈಟಿ ರೀಡೆವಲಪ್‌ಮೆಂಟ್ ನೋಡೋ ವಕೀಲರು, ಶುಗರ್ ಡಾಕ್ಟ್ರು, ಮಳೆ ಅಳೀತಿದ್ದೋರು, ಆಮೇಲೆ ಒಬ್ರು ಗಣ್ಯರು, ಅವರ ವಿಷಯ ಆಮೇಲೆ ಬರುತ್ತೆ. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ. ಪ್ರೋಗ್ರಾಮ್ ಕೇಳೋ ಸ್ನೇಹಿತರೊಬ್ರು ಕೇಳಿದ್ರು, ಏನ್ ಥೀಮ್ ನಿಮ್ದು, ಒಂದ್ ದಿನ ಇಡ್ಲಿ ಇನ್ನೊಂದ್ ದಿನ ವಕೀಲರು, ಸಂತೆಗೆ ಹೋದಂಗಿದೆ ಅಂತ. ಥೀಮ್ ಏನೂ ಇಲ್ಲ ನೋಡಿ. ಇವತ್ತು ನಾನು ಹೇಳ್ಬೇಕು ಅಂದ್ಕೊಂಡಿರೋದು ಒಂದೇ ಮಾತು. ಗೆಸ್ಟ್ ಎಷ್ಟೇ ದೊಡ್ಡೋರಿರ್ಲಿ ಸಣ್ಣೋರಿರ್ಲಿ, ಅವತ್ತಿನ ವಿಷಯ ಎಷ್ಟು ಸಣ್ಣದಾಗುತ್ತೋ ಪ್ರೋಗ್ರಾಮ್ ಅಷ್ಟು ಚೆನ್ನಾಗಾಗುತ್ತೆ. ಯಾಕೆ ಅಂತ ಆ ತಿಂಗಳ ಉದಾಹರಣೆ ಇಟ್ಕೊಂಡೇ ಹೇಳ್ತೀನಿ.

ಗೊತ್ತಿಲ್ದೋರಿಗೆ ಹೇಳೋದಾದ್ರೆ, ನಮ್ಮದು ಎಫ್‌ಎಂ ಅಲ್ಲ. ನೆಟ್ ಮೇಲೆ ಬರೋ ರೇಡಿಯೋ, ಸೋಮವಾರದಿಂದ ಶುಕ್ರವಾರ, ಸಂಜೆ ಏಳರಿಂದ ಎಂಟು. ಡೊಂಬಿವಲಿಯಲ್ಲಿ ಒಂದು ಫ್ಲ್ಯಾಟಿನ ಒಳರೂಮು, ಗೋಡೆಗೆ ಹಳೇ ರಜಾಯಿ ಹೊಡೆದಿದೀವಿ, ಫ್ಯಾನ್ ಆಫ್, ಕಿಟಕಿ ಬಂದ್, ಜುಲೈ ತಿಂಗಳಲ್ಲಿ ಆ ರೂಮಲ್ಲಿ ಒಂದು ಗಂಟೆ ಕೂತ್ಕೊಂಡ್ರೆ ಗೆಸ್ಟ್ ಅರ್ಧ ಕೆಜಿ ಇಳೀತಾರೆ. ಬಳೆ ಹಾಕ್ಕೊಂಡು ಬಂದೋರಿಗೆ ಬಳೆ ತೆಗೆದಿಡಿ ಅಂತೀವಿ, ಟೇಬಲ್ ಕುಟ್ಟಿ ಮಾತಾಡೋರಿಗೆ ಕೈಗೆ ಒಂದು ಟವೆಲ್ ಕೊಡ್ತೀವಿ. ಇಷ್ಟೇ ನಮ್ಮ ಸ್ಟುಡಿಯೋ.

ಸಂಜೆ ಏಳೇ ಯಾಕೆ ಅಂದ್ರೆ ಅದು ಟ್ರೇನಿನ ಟೈಮು. ಫೋರ್ಟ್, ಬಾಂದ್ರಾ, ಅಂಧೇರಿಯಿಂದ ಹೊರಟೋರು ಇಯರ್‌ಫೋನ್ ಹಾಕ್ಕೊಂಡು ನಿಂತಿರ್ತಾರೆ, ಮೊಬೈಲ್ ನೋಡೋಕೂ ಕೈ ಎತ್ತೋಕಾಗದಷ್ಟು ರಶ್ಶು, ಕಿವಿ ಮಾತ್ರ ಖಾಲಿ. ಮನೇಲಿರೋರಿಗೆ ಅದು ಕುಕ್ಕರ್ ಇಡೋ ಹೊತ್ತು. ಅಂದ್ರೆ ಯಾರೂ ನಮ್ಮನ್ನ ಆರಿಸ್ಕೊಂಡು ಕೇಳ್ತಾ ಇಲ್ಲ, ಕೇಳ್ತಾ ಕೇಳ್ತಾ ಇನ್ನೇನೋ ಮಾಡ್ತಿರ್ತಾರೆ. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಮಾತೆಲ್ಲ ಇದ್ರ ಮೇಲೇ ನಿಂತಿದೆ.

ಸಂಜೆ ರೇಡಿಯೋ ಅಂದ್ರೆ ನಮ್ಮಲ್ಲಿ ಹಿರಿಯರಿಗೆ ಬೇರೆ ನೆನಪಿರುತ್ತೆ. ಮೀಡಿಯಂ ವೇವ್ ಕಾಲ. ಹಗಲು ಹೊತ್ತಲ್ಲಿ ಆಕಾಶದಲ್ಲಿ ಒಂದು ಕೆಳಗಿನ ಪದರ ಇರುತ್ತೆ, ಸೂರ್ಯನ ಬಿಸಿಲಿಂದ ಆಗೋದು, ಅದು ಮೀಡಿಯಂ ವೇವನ್ನ ಹೀರ್ಕೊಂಡ್ಬಿಡುತ್ತೆ. ಸೂರ್ಯ ಮುಳುಗಿದ್ಮೇಲೆ ಆ ಪದರ ಕರಗುತ್ತೆ, ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಹೋಗಿ ತಾಗಿ ವಾಪಸ್ ಬಂದು ನೂರಾರು ಕಿಲೋಮೀಟರ್ ಆಚೆ ಬೀಳುತ್ತೆ. ಅದಕ್ಕೇ ಮಧ್ಯಾಹ್ನ ಕೇಳದ ಧಾರವಾಡ ರಾತ್ರಿ ಮುಂಬಯಿಯ ಚಾಳಿನಲ್ಲಿ ಕೇಳೋದು, ಅಲೆ ಅಲೆಯಾಗಿ, ಒಮ್ಮೆ ಜೋರು ಒಮ್ಮೆ ಮೆಲ್ಲಗೆ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿಯಲ್ಲಿ. ನಮ್ಮಪ್ಪ ರೇಡಿಯೋನ ಗ್ಯಾಲರಿಯ ಕಬ್ಬಿಣದ ಕಂಬಿಗೆ ತಾಗಿಸಿಟ್ಟು ಕೇಳ್ತಿದ್ರು. ಪಕ್ಕದ ಖೋಲಿಯ ಮರಾಠಿ ಮಾಮಿ, ಏನ್ರೀ ನಿಮ್ಮೂರಿಗೆ ನೆಗಡಿ ಆಗಿದೆಯಾ, ಸ್ವರ ಹೀಗ್ ಬರ್ತಿದೆ ಅಂತ ನಗೋರು.

ಇರ್ಲಿ, ಮೊದಲನೇ ವಾರಕ್ಕೆ ಬರ್ತೀನಿ.

ಹೋಟೆಲಿನವರನ್ನ ಕರೆದಾಗ ಎಲ್ಲರೂ ಹೇಳಿದ ವಿಷಯ "ಮುಂಬಯಿಯ ಉಡುಪಿ ಹೋಟೆಲುಗಳ ಇತಿಹಾಸ". ಕೇಳೋಕೆ ಚೆನ್ನಾಗಿದೆ. ಇಲ್ಲೇ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಬೋರ್ಡಿಂಗ್ ಶುರು ಮಾಡಿದ್ದು ನಿಮಗೆಲ್ಲ ಗೊತ್ತಿರೋದೇ, ಸ್ಟೇಷನ್ ಎದುರಿಗಿದೆ, ಇವತ್ತಿಗೂ ಟೋಕನ್ ಹಿಡ್ಕೊಂಡು ಕಾಯ್ತೀವಿ. ಆದ್ರೆ ಈ ಇತಿಹಾಸ ಹೇಳೋಕೆ ಶುರು ಮಾಡಿದ್ರೆ ಗೆಸ್ಟ್ ಏನ್ ಮಾಡ್ತಾರೆ, ಕಷ್ಟಪಟ್ಟು ಬಂದ್ವಿ, ದುಡಿದ್ವಿ, ಮೇಲ್ ಬಂದ್ವಿ ಅಂತಾರೆ. ಎಲ್ಲರೂ ಅದೇ ಹೇಳ್ತಾರೆ, ಅದರಲ್ಲಿ ಸುಳ್ಳೂ ಇಲ್ಲ, ಆದ್ರೆ ಟ್ರೇನಲ್ಲಿ ನಿಂತಿರೋನು ಮಧ್ಯದಲ್ಲಿ ಎಲ್ಲಾದ್ರೂ ಕಿವಿ ಬಿಟ್ರೂ ಏನೂ ಲಾಸ್ ಇಲ್ಲ. ಅದಕ್ಕೆ ನಾವು ಓನರ್ ಬಿಟ್ಟು ರುಬ್ಬೋರನ್ನ ಕರೆದ್ವಿ, ವಿಷಯ ಏನಂದ್ರೆ ಉದ್ದಿನ ಹಿಟ್ಟು, ಅಷ್ಟೇ.

ಅವರು ಕುಂದಾಪುರ ಕಡೆಯೋರು, ಮೊದಲ ಐದು ನಿಮಿಷ ಹೂಂ ಹಾಂ ಅಷ್ಟೇ. ನಾನು ಕೇಳ್ದೆ, ಅಣ್ಣಾ, ಮೇ ತಿಂಗಳ ಹಿಟ್ಟಿಗೂ ಜನವರಿ ಹಿಟ್ಟಿಗೂ ಏನ್ ವ್ಯತ್ಯಾಸ. ಆಮೇಲೆ ಅವರನ್ನ ನಿಲ್ಲಿಸೋಕೆ ಆಗ್ಲಿಲ್ಲ. ಮೇ ತಿಂಗಳಲ್ಲಿ ರುಬ್ಬೋ ಕಲ್ಲೇ ಬಿಸಿಯಾಗುತ್ತೆ, ಉದ್ದು ಬಿಸಿಯಾದ್ರೆ ಹಿಟ್ಟು ಗಾಳಿ ಹಿಡಿಯಲ್ಲ, ಅದಕ್ಕೆ ನೀರಿನ ಬದಲು ಐಸ್ ನೀರು ಹಾಕ್ತಾರೆ, ಉಪ್ಪು ರಾತ್ರಿ ಹಾಕಲ್ಲ, ಬೆಳಿಗ್ಗೆ ಹಾಕ್ತಾರೆ, ಇಲ್ಲಾಂದ್ರೆ ಹುಳಿ ಮೂಗಿಗೆ ಹೊಡೆಯುತ್ತೆ. ಜನವರಿಯಲ್ಲಿ ಹಿಟ್ಟಿನ ಪಾತ್ರೆನ ಒಲೆ ಹತ್ರ ಮಲಗಿಸ್ತಾರಂತೆ, "ಮಲಗಿಸೂದು" ಅಂತಾನೇ ಅಂದ್ರು. ಹಿಟ್ಟು ಆಗಿದೆಯಾ ಅಂತ ಹೇಗ್ ನೋಡ್ತೀರಿ ಅಂದ್ರೆ, ಒಂದು ಲೋಟ ನೀರಿಗೆ ಒಂದು ಚಿಟಿಕೆ ಹಾಕಿ, ತೇಲ್ಬೇಕು ಅಂದ್ರು. ಅವತ್ತು ಬಂದ ಫೋನ್ ನೋಡ್ಬೇಕಿತ್ತು ನೀವು. ಮುಲುಂಡಿಂದ ಒಬ್ರು ಅಮ್ಮ, ನಾನು ಈಗಲೇ ಹಾಕಿ ನೋಡ್ದೆ, ಮುಳುಗ್ತು, ಏನ್ ಮಾಡ್ಲಿ ಅಂತ. ಇವರು, ಅಮ್ಮಾ, ಇನ್ನೊಂದ್ ಹತ್ತು ನಿಮಿಷ ಕೈಯಲ್ಲಿ ಹೊಡೀರಿ, ಮಿಕ್ಸಿ ಬ್ಯಾಡ ಅಂತ. ಹತ್ತು ನಿಮಿಷ ಆದ್ಮೇಲೆ ಆಕೆ ಮತ್ತೆ ಫೋನ್ ಮಾಡಿದ್ರು, ತೇಲ್ತು ಅಂತ. ಇದು ಪ್ಲ್ಯಾನ್ ಮಾಡಿ ಮಾಡೋಕಾಗುತ್ತಾ ಹೇಳಿ.

ಈ ಹೋಟೆಲ್ ಮಾತು ಬಂದಿದ್ರಿಂದಾನೇ ರಾತ್ರಿ ಶಾಲೆ ಟೀಚರ್ ಬಂದಿದ್ದು. ಹಿಟ್ಟು ರುಬ್ಬೋರೇ ಹೇಳಿದ್ರು, ನಾನು ಎಸ್ಸೆಸ್ಸೆಲ್ಸಿ ಮಾಡಿದ್ದು ರಾತ್ರಿ ಅಂತ. ಮುಂಬಯಿ ಕನ್ನಡದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಈ ರಾತ್ರಿ ಶಾಲೆ. ಊರಿಂದ ಹನ್ನೆರಡು ಹದಿಮೂರು ವರ್ಷಕ್ಕೆ ಬಂದ ಹುಡುಗ್ರು, ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಶಾಲೆಗೆ ಹೋಗಿ, ಒಂಬತ್ತೂವರೆಗೆ ಬಂದು ಅದೇ ಹೋಟೆಲಿನ ಬೆಂಚ್ ಮೇಲೆ ಮಲಗಿ ಓದಿದೋರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿದ್ದು, ಅವರ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು, ಬಂಟರ ಸಂಘದ್ದು, ಇವುಗಳಲ್ಲಿ ಓದಿ ಬ್ಯಾಂಕ್ ಸೇರಿದೋರು, ವಕೀಲರಾದೋರು ಈ ಹಾಲಲ್ಲೇ ಕೂತಿದೀರ, ನನಗೆ ಗೊತ್ತು. ಹಗಲು ಶಾಲೆ ಬೇರೆ, ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಎನ್‌ಕೆಇಎಸ್ 1939ರಿಂದ ಇದೆ, ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮ ಶಾಲೆ ನಡೆಸುತ್ತೆ, ಅದೂ ಎಂಟು ಮಾಧ್ಯಮದಲ್ಲಿ ಒಂದು.

ಟೀಚರಿಗೆ ನಾನು ಕೊಟ್ಟ ವಿಷಯ "ಹೋಮ್‌ವರ್ಕ್". ಹೋಟೆಲ್ ಹುಡುಗನಿಗೆ ಹೋಮ್ ಎಲ್ಲಿ, ವರ್ಕ್ ಎಲ್ಲಿ. ಅವರು ಹೇಳಿದ್ದು ನೋಡಿ. ನಾವು ಹೋಮ್‌ವರ್ಕ್ ಕೊಡ್ತಿರ್ಲಿಲ್ಲ, ಮಗ್ಗಿ ಕೊಡ್ತಿದ್ವಿ, ಯಾಕಂದ್ರೆ ಮಗ್ಗಿನ ಟೇಬಲ್ ಒರೆಸ್ತಾ ಹೇಳ್ಕೋಬಹುದು. ಕೈ ಬರಹ ಯಾವನದ್ದು ಚೆನ್ನಾಗಿರ್ತಿತ್ತು ಅಂದ್ರೆ ಬಿಲ್ ಬರೆಯೋ ಹುಡುಗಂದು. ನಾಗಾಲೋಟದಲ್ಲಿ ಬರೆದ್ರೂ ಅಂಕಿ ಅಚ್ಚು ಹಾಕಿದಂಗೆ. ಶನಿವಾರ ಹುಡುಗ್ರು ಬರ್ತಿರ್ಲಿಲ್ಲ, ಶನಿವಾರ ರಾತ್ರಿ ಹೋಟೆಲಲ್ಲಿ ರಶ್, ಓನರ್ ಬಿಡ್ತಿರ್ಲಿಲ್ಲ, ಅದಕ್ಕೆ ಶನಿವಾರ ಹೊಸ ಪಾಠ ಶುರು ಮಾಡ್ತಿರ್ಲಿಲ್ಲ ಅಂತ. ಶಿಕ್ಷಣದ ಮಹತ್ವ ಅಂತ ವಿಷಯ ಇಟ್ಟಿದ್ರೆ ಈ ಶನಿವಾರ ಬರ್ತಿತ್ತಾ?

ಗಾರ್ಡ್ ವಿಷಯ ಹೇಳ್ತೀನಿ. ಈಗ ಅವರನ್ನ ಟ್ರೇನ್ ಮ್ಯಾನೇಜರ್ ಅಂತಾರೆ, 2022ರಿಂದ, ಆದ್ರೆ ಇವರು ಗಾರ್ಡಾಗೇ ರಿಟೈರ್ ಆದೋರು, ಹಾಗೇ ಕರೀರಿ ಅಂದ್ರು. ರೈಲ್ವೆಯವರನ್ನ ಕೂರಿಸಿದ್ರೆ ಇತಿಹಾಸ ತಾನಾಗೇ ಬಂದ್ಬಿಡುತ್ತೆ, 1925ರ ಫೆಬ್ರವರಿ 3ಕ್ಕೆ ವಿ.ಟಿ.ಯಿಂದ, ಅಂದ್ರೆ ಈಗಿನ ಸಿಎಸ್ಎಂಟಿಯಿಂದ, ಕುರ್ಲಾಕ್ಕೆ ಮೊದಲ ಎಲೆಕ್ಟ್ರಿಕ್ ಲೋಕಲ್, ಅದು 1500 ವೋಲ್ಟ್ ಡಿಸಿ, ಆಮೇಲೆ 25,000 ವೋಲ್ಟ್ ಎಸಿ ಆಗಿದ್ದು, ಹಾರ್ಬರ್ ಲೈನ್ ಎಲ್ಲಕ್ಕಿಂತ ಕೊನೆಗೆ 2016ರಲ್ಲಿ. ಒಬ್ರು ಫೋನ್ ಮಾಡಿ, ಎಸಿ ಆಯ್ತು ಅಂತೀರ, ನಮ್ಮ ಡಬ್ಬದಲ್ಲಿ ಫ್ಯಾನೂ ತಿರುಗಲ್ಲ ಅಂದ್ರು, ಅದು ಬೇರೆ ಎಸಿ, ಕರೆಂಟಿಂದು ಅಂತ ಬಿಡಿಸಿ ಹೇಳ್ಬೇಕಾಯ್ತು. ನಾವು ಕೇಳಿದ್ದು ಮಾತ್ರ ಒಂದೇ. ಪ್ಲಾಟ್‌ಫಾರ್ಮಲ್ಲಿ ಗಾಡಿ ನಿಂತಿರೋ ಆ ಅರ್ಧ ನಿಮಿಷಕ್ಕೂ ಕಮ್ಮಿ ಟೈಮಲ್ಲಿ ನೀವು ಎಲ್ಲಿ ನೋಡ್ತಿರ್ತೀರಿ?

ಮುಖ ನೋಡಲ್ಲ, ಕಾಲು ನೋಡ್ತೀನಿ ಅಂದ್ರು. ಓಡ್ತಿರೋ ಕಾಲು ಯಾವುದು, ನಿಂತಿರೋ ಕಾಲು ಯಾವುದು. ನಿಂತಿರೋ ಕಾಲಿನೋರು ಮುಂದಿನ ಗಾಡಿಗೆ ಬರ್ತಾರೆ, ಅವರ ಬಗ್ಗೆ ಚಿಂತೆ ಇಲ್ಲ. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇದ್ರೆ ಬೆಲ್ ಕೊಡಲ್ಲ. ಎಲ್ಲ ಸರಿ ಅನ್ಸಿದ್ರೆ ಮುಂದಿರೋ ಮೋಟರ್‌ಮ್ಯಾನಿಗೆ ಎರಡು ಬೆಲ್. ಹೇಳ್ತಾ ಹೇಳ್ತಾ ಅವರು ಟೀ ಕುಡಿದಿಟ್ಟ ಸ್ಟೀಲ್ ಲೋಟದ ಮೇಲೆ ಚಮಚದಲ್ಲಿ ಹೊಡೆದ್ರು, ಟಿಣ್ ಟಿಣ್. ಯೋಚ್ನೆ ಮಾಡಿ, ಅದೇ ಹೊತ್ತಿಗೆ ಎಷ್ಟು ಜನ ಲೋಕಲಲ್ಲಿ ನಿಂತ್ಕೊಂಡು ಇದನ್ನ ಕೇಳ್ತಿದ್ರು. ಮಾರನೇ ದಿನ ಒಬ್ಬ ಹುಡುಗ ಮೆಸೇಜ್ ಹಾಕಿದ್ದ, ಅಕ್ಕಾ, ಇಷ್ಟು ವರ್ಷ ಕೊನೇ ಡಬ್ಬದ ಪಕ್ಕ ನಿಂತಿದೀನಿ, ಆ ಬೆಲ್ಲು ಇವತ್ತು ಕೇಳಿಸ್ತು ಅಂತ.

ಈಗ ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಯಾಕಂದ್ರೆ ಪ್ರತಿ ಸಲ ಯಾರಾದ್ರೂ ಕೇಳ್ತಾರೆ, ಸಂಜೆ ಟಾಕ್ ರೇಡಿಯೋ ಅಂದ್ರೆ ರಾಜಕೀಯ ಚರ್ಚೆ ಇರ್ಬೇಕಲ್ವಾ, ಅಮೆರಿಕದಲ್ಲಿ ಹಾಗಂತೆ, ಇಲ್ಲಿ ಯಾಕಿಲ್ಲ ಅಂತ. ಇಲ್ಲಿ ಇಲ್ಲದಿರೋಕೆ ಕಾರಣ ಇದೆ. ನಮ್ಮ ದೇಶದಲ್ಲಿ ಪ್ರಸಾರ ಶುರುವಾಗಿದ್ದೇ ಈ ಊರಲ್ಲಿ, 1927ರ ಜುಲೈ 23ಕ್ಕೆ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಬಾಂಬೆ ಸ್ಟೇಷನ್ ಓಪನ್ ಮಾಡ್ತು, ಅದು ಖಾಸಗಿ, ಕೆಲವೇ ವರ್ಷದಲ್ಲಿ ಮುಳುಗ್ತು, ಆಮೇಲೆ ಸರ್ಕಾರ ತಗೊಳ್ತು. 1935ರಲ್ಲಿ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಸೈಕಾಲಜಿ ಪ್ರೊಫೆಸರ್ರು ತಮ್ಮ ಮನೇಲೇ ಸ್ಟೇಷನ್ ಶುರು ಮಾಡಿ ಆಕಾಶವಾಣಿ ಅಂತ ಹೆಸರಿಟ್ರು, ಒಬ್ಬ ಮೇಷ್ಟ್ರು ಮನೇಲಿ ಕೂತು ಊರಿಗೆಲ್ಲ ಮಾತು ಹಾಡು ಕೇಳ್ಸಿದ್ದು. ನನಗೆ ಈ ಕಥೆ ತುಂಬ ಇಷ್ಟ. ಆದ್ರೆ ಅದಾದ್ಮೇಲೆ ದಶಕಗಟ್ಟಲೆ ಗಾಳಿ ಸರ್ಕಾರದ್ದೇ. 1995ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಪ್ರಸಾರದ ತರಂಗ ಸಾರ್ವಜನಿಕ ಆಸ್ತಿ, ಸರ್ಕಾರದ ಸ್ವಂತದ್ದಲ್ಲ ಅಂತ. ಆಮೇಲೆ ಖಾಸಗಿ ಎಫ್‌ಎಂ ಬಂತು, 2001ರಲ್ಲಿ ಬೆಂಗಳೂರಲ್ಲಿ ಮೊದಲು, ಸಮುದಾಯ ರೇಡಿಯೋಗೂ ದಾರಿ ಆಯ್ತು, ಮೊದಲು ಕಾಲೇಜುಗಳಿಗೆ, 2006ರಿಂದ ಸಂಘ ಸಂಸ್ಥೆಗಳಿಗೂ. ಪುಣೆಯಲ್ಲಿ ಯೂನಿವರ್ಸಿಟಿಯ ವಿದ್ಯಾವಾಣಿ ಇದೆಯಲ್ಲ, ಆ ಥರದ್ದು. ಇಷ್ಟೆಲ್ಲ ಆದ್ರೂ ಒಂದು ಬೇಲಿ ಉಳ್ಕೊಳ್ತು, ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳೋ ಹಾಗಿಲ್ಲ, ಆಕಾಶವಾಣಿ ಬುಲೆಟಿನ್ ಹಾಗ್ಹಾಗೇ ಹಾಕ್ಬಹುದು ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ತಾರೀಖು ಹೇಳ್ಬಹುದು. ಸುದ್ದಿನೇ ಇಲ್ದಿರೋ ಕಡೆ ಸುದ್ದಿ ಮೇಲಿನ ಜಗಳ ಎಲ್ಲಿಂದ ಬರ್ಬೇಕು. ಹಾಡು ಉಳೀತು, ನಡುವೆ ಆರ್‌ಜೆ ತಮಾಷೆ ಉಳೀತು.

ನಾವು ನೆಟ್ ಮೇಲಿರೋದ್ರಿಂದ ಆ ಲೈಸೆನ್ಸಿನ ಬೇಲಿ ನಮಗಿಲ್ಲ, ಆದ್ರೂ ನಾವು ರಾಜಕೀಯ ಮಾಡಲ್ಲ. ಭಯ ಅಂತ ಅಲ್ಲ. ರಾಜಕೀಯ ಮಾತಾಡೋಕೆ ಕೂತೋರು ವಿಷಯನ ಯಾವಾಗಲೂ ದೊಡ್ಡದು ಮಾಡ್ತಾರೆ, ಒಂದು ಗಟಾರದ ಬಗ್ಗೆ ಕೇಳಿದ್ರೆ ದೇಶಕ್ಕೆ ಹೋಗ್ಬಿಡ್ತಾರೆ. ಗಟಾರದ ಬಗ್ಗೇನೇ ಒಂದು ಗಂಟೆ ಮಾತಾಡೋರು ಸಿಕ್ಕಿದ್ರೆ ಯಾವ ಪಾರ್ಟಿಯೋರಾದ್ರೂ ಕರೀತೀನಿ.

ಮೇಲೆ ಹೇಳಿದ ಆ ಗಣ್ಯರ ವಿಷಯ ಇದಕ್ಕೇ ಸೇರುತ್ತೆ. ಒಳ್ಳೇ ಮನುಷ್ಯರು, ಸಮಾಜಕ್ಕೆ ತುಂಬ ಮಾಡಿದೋರು, ಆದ್ರೆ ಪೇಪರ್ ತಂದಿದ್ರು. ಪೇಪರ್ ತಂದೋರ ಮಾತು ಮೈಕಲ್ಲಿ ತಕ್ಷಣ ಗೊತ್ತಾಗುತ್ತೆ, ಉಸಿರು ವಾಕ್ಯದ ಕೊನೇಲಿ ಮಾತ್ರ ಬರುತ್ತೆ. ಮಾತಾಡೋರ ಉಸಿರು ವಾಕ್ಯದ ಮಧ್ಯ ಎಲ್ಲಾದ್ರೂ ಬರುತ್ತೆ. "ಹೊರನಾಡ ಕನ್ನಡಿಗರ ಮುಂದಿರುವ ಸವಾಲುಗಳು", ಪಟಪಟ ಅಂತ ಓದಿದ್ರು. ಬ್ರೇಕಲ್ಲಿ ನಾನು ಮೆಲ್ಲಗೆ ಪೇಪರ್ ತಗೊಂಡು, ಸರ್, ನೀವು ಮುಂಬಯಿಗೆ ಬಂದ ಮೊದಲ ತಿಂಗಳು ಬಾಡಿಗೆ ಎಷ್ಟು ಅಂತ ಕೇಳ್ದೆ. ಅವರಿಗೆ ನಗು ಬಂತು. ಬಾಡಿಗೆ ಇಲ್ಲ, ಮೂರು ಪಾಳಿಯಲ್ಲಿ ಮಲಗೋ ರೂಮು, ನನ್ನ ಪಾಳಿ ಮಧ್ಯಾಹ್ನದ್ದು ಅಂದ್ರು. ಆ ಮಧ್ಯಾಹ್ನದ ಪಾಳಿಯ ಮೇಲೆ ಉಳಿದ ಅರ್ಧ ಗಂಟೆ ಹೋಯ್ತು, ಒಬ್ಬರು ಎದ್ದ ಚಾಪೆ ಇನ್ನೂ ಬಿಸಿ ಇರ್ತಿತ್ತು, ತಲೆದಿಂಬಿಗೆ ಎಣ್ಣೆ ಯಾರ್ದು ಅಂತ ಜಗಳ.

ಡಾಕ್ಟ್ರಿಗೂ ಹೀಗೇ. ಶುಗರ್ ಅಂದ್ರೆ ಸಾಕು ಎಲ್ಲರೂ ತಮ್ಮ ರಿಪೋರ್ಟ್ ನಂಬರ್ ಹೇಳೋಕೆ ಶುರು. ನಾವು ಪಾದ ಅಂತ ಇಟ್ವಿ, ಬರೀ ಪಾದ. ಶುಗರ್ ಬಹಳ ವರ್ಷ ಇದ್ದೋರಿಗೆ ಪಾದದ ಸ್ಪರ್ಶ ಕಮ್ಮಿ ಆಗುತ್ತೆ, ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಗಾಯ ಕಾಣೋ ಹೊತ್ತಿಗೆ ಹದಗೆಟ್ಟಿರುತ್ತೆ, ಅದಕ್ಕೆ ದಿನಾ ರಾತ್ರಿ ಪಾದದ ತಳ ನೋಡ್ಕೊಳ್ಳಿ, ಬಗ್ಗೋಕಾಗ್ದಿದ್ರೆ ಕನ್ನಡಿ ಇಡಿ, ಮನೆ ಒಳಗೂ ಬರಿಗಾಲಲ್ಲಿ ಓಡಾಡ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಒಬ್ರು ಮಾವ ಫೋನ್ ಮಾಡಿ, ದೇವಸ್ಥಾನದ ಪ್ರದಕ್ಷಿಣೆ ಏನ್ ಮಾಡ್ಲಿ ಅಂದ್ರು. ಕಾಲ್ಚೀಲ ಹಾಕ್ಕೊಂಡು ಹೋಗಿ, ದೇವರು ಬೇಜಾರ್ ಮಾಡ್ಕೊಳ್ಳಲ್ಲ ಅಂದ್ರು ಡಾಕ್ಟ್ರು. ಮಳೆಗಾಲದಲ್ಲಿ ಒದ್ದೆ ಕಾಲ್ಚೀಲ ಬೇಡ, ಇನ್ನೊಂದು ಜೊತೆ ಚೀಲದಲ್ಲಿಟ್ಕೊಳ್ಳಿ ಅಂತಲೂ ಸೇರಿಸಿದ್ರು.

ವಕೀಲರ ಸಂಜೆ ಮಾತ್ರ ನನ್ನ ಲೆಕ್ಕಾಚಾರಕ್ಕೆ ಸಿಗ್ಲಿಲ್ಲ. ರೀಡೆವಲಪ್‌ಮೆಂಟ್, ಅದೂ 79ಎ ಅಂತ ಇದೆಯಲ್ಲ, ಸಹಕಾರಿ ಸೊಸೈಟಿ ಕಾಯ್ದೆಯ ಆ ಕಲಮಿನ ಕೆಳಗೆ ಸರ್ಕಾರ ಹೊರಡಿಸಿದ ನಿಯಮ, ಅದರಲ್ಲೂ ಬರೀ ಒಪ್ಪಿಗೆ ವಿಷಯ. ಮೊದಲು ಮುಕ್ಕಾಲು ಪಾಲು ಮೆಂಬರ್ಸ್ ಒಪ್ಬೇಕಿತ್ತು, 2019ರಿಂದ 51 ಪರ್ಸೆಂಟ್ ಸಾಕು, ಆ ಮೀಟಿಂಗಿನ ವಿಡಿಯೋ ರೆಕಾರ್ಡಿಂಗ್ ಆಗ್ಬೇಕು. ಇಷ್ಟು ಸಣ್ಣದು ಮಾಡಿದ್ರೂ ಫೋನ್ ಮಾಡಿದೋರೆಲ್ಲ "ನಮ್ಮ ಬಿಲ್ಡಿಂಗಲ್ಲಿ" ಅಂತಾನೇ ಶುರು ಮಾಡಿದ್ರು, ಸೆಕ್ರೆಟರಿ ಹೆಸರು, ಬಿಲ್ಡರ್ ಹೆಸರು, ಎರಡನೇ ಮಾಳಿಗೆಯ ಜಗಳ. ನಾನು ಬೀಪ್ ಬಟನ್ ಮೇಲೆ ಬೆರಳಿಟ್ಕೊಂಡೇ ಕೂತಿದ್ದೆ. ಆದ್ರೆ ಇಡೀ ತಿಂಗಳಲ್ಲಿ ಅತೀ ಹೆಚ್ಚು ಫೋನ್ ಬಂದಿದ್ದು ಅವತ್ತೇ, ಮುಂಬಯಿಯಲ್ಲಿ ಸ್ಕ್ವೇರ್ ಫೂಟಿನ ಮುಂದೆ ಯಾವ ಥಿಯರಿಯೂ ನಿಲ್ಲಲ್ಲ. ಮುಂದೆ ಹೋಗೋಣ.

ತಂಬೂರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ತಾಳ್ಮೆ ಇರ್ಲಿ. ಮಿರಜ್ ಗೊತ್ತಲ್ಲ, ಸಾಂಗ್ಲಿ ಪಕ್ಕ, ಅಲ್ಲಿ ತಲೆತಲಾಂತರದಿಂದ ಸಿತಾರ ತಂಬೂರಿ ಮಾಡೋ ಮನೆತನಗಳಿವೆ, 2024ರಲ್ಲಿ ಆ ಸಿತಾರಕ್ಕೂ ತಂಬೂರಿಗೂ ಜಿಐ ಟ್ಯಾಗೂ ಸಿಕ್ತು. ಕಲಬುರ್ಗಿ ಧಾರವಾಡದ ಗವಾಯಿಗಳಿಂದ ಪುಣೆವರೆಗೆ ಎಲ್ಲರ ತಂಬೂರಿ ಅಲ್ಲಿಂದಾನೇ. ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗ್ತೀರಲ್ಲ, ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ಹೆಸರಲ್ಲಿ 1953ರಲ್ಲಿ ಶುರು ಮಾಡಿದ್ದು, ಅಲ್ಲಿ ಹಾಡೋರ ಹಿಂದೆ ನಿಲ್ಲೋ ಆ ಎತ್ತರದ ಜೋಡಿ ತಂಬೂರಿ ಇದೆಯಲ್ಲ, ಅದೇ.

ಬಂದೋರಿಗೆ ಅರವತ್ತು ದಾಟಿದೆ, ಉತ್ತರ ಕರ್ನಾಟಕದ ಕನ್ನಡ, ನಡುನಡುವೆ ಮರಾಠಿ. ಮೊದಲು ಅವರು ಮಿರಜಿಂದಾನೇ ಫೋನಲ್ಲಿ ಮಾತಾಡ್ತೀನಿ ಅಂದಿದ್ರು. ಹಿಂದಿನ ದಿನ ಟ್ರಯಲ್ ನೋಡಿದ್ವಿ. ಅವರ ಮಾತು ಗಾಜಿನಂಗೆ ಕೇಳಿಸ್ತು, ತಂಬೂರಿ ಮೀಟಿದ್ರೆ ಏನೂ ಇಲ್ಲ, ಮೊದಲ ಕ್ಷಣ ಒಂದು ಝುಂ ಅಂತ ಬಂದು ಸತ್ತೋಯ್ತು. ಮೀಟ್ರಿ ಅಂದ್ರೆ, ಮೀಟಾಕತ್ತೀನಲ್ರೀ ಅಂತಾರೆ. ಆಮೇಲೆ ನಮ್ಮ ಟೆಕ್ನಿಕಲ್ ನೋಡ್ಕೊಳ್ಳೋ ಹುಡುಗ ಹೇಳ್ದ, ಕಾಲ್ ಆ್ಯಪುಗಳಲ್ಲಿ ಗದ್ದಲ ಕಮ್ಮಿ ಮಾಡೋ ಸಾಫ್ಟ್‌ವೇರ್ ಇರುತ್ತೆ, ಅದು ಮಾತನ್ನ ಉಳಿಸುತ್ತೆ, ಒಂದೇ ಸಮನೆ ಬರೋ ಸದ್ದನ್ನ ಫ್ಯಾನು, ಎಸಿ, ಮೋಟರ್ ಅಂತ ತಿಳ್ಕೊಂಡು ಅಳಿಸಿಬಿಡುತ್ತೆ. ತಂಬೂರಿಯ ಕೆಲಸವೇ ಒಂದೇ ಸಮನೆ ಬರೋದು. ಇದನ್ನ ಅವರಿಗೆ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, ನಮ್ಮ ಅಜ್ಜಾರಿಂದ ಮಾಡ್ಕೋತ ಬಂದದ್ದನ್ನ ಫ್ಯಾನ್ ಅಂತಾವ್ರೀ ಇವು? ಅಂದ್ರು. ಮಾರನೇ ದಿನ ತಂಬೂರಿ ಹೊತ್ಕೊಂಡು ರೈಲು ಹತ್ತಿ ಬಂದೇಬಿಟ್ರು.

ವಿಷಯ ಏನಂದ್ರೆ ದಾರ. ತಂಬೂರಿಯ ನಾಲ್ಕು ತಂತಿ ಕೂರೋ ಕುದುರೆ ಇದೆಯಲ್ಲ, ಅಗಲವಾಗಿ ಒಂಚೂರು ಇಳಿಜಾರಾಗಿರುತ್ತೆ, ತಂತಿ ಮತ್ತೆ ಕುದುರೆ ಮಧ್ಯೆ ಒಂದೊಂದು ಎಳೆ ಹತ್ತಿ ದಾರ ಸಿಕ್ಕಿಸಿರ್ತಾರೆ. ಅವರು ಮೊದಲು ದಾರ ತೆಗೆದು ಮೀಟಿದ್ರು. ಚಪ್ಪಟೆ ಸದ್ದು, ಯಾವ ತಂತಿನಾದ್ರೂ ಮೀಟಿದ್ರೆ ಬರೋ ಸದ್ದು. ಆಮೇಲೆ ದಾರ ಹಾಕಿ, ಉಗುರಿನ ತುದಿಯಲ್ಲಿ ಒಂದು ಕೂದಲೆಳೆಯಷ್ಟು ಸರಿಸಿದ್ರು, ಇನ್ನೊಂಚೂರು ಸರಿಸಿದ್ರು, ಇದ್ದಕ್ಕಿದ್ದಂಗೆ ಅದೇ ತಂತಿಯಿಂದ ಮೇಲಿನ ಸ್ವರಗಳೆಲ್ಲ ಬಿಚ್ಕೊಂಡ್ವು. ತಂತಿ ಕುದುರೆಯ ಇಳಿಜಾರನ್ನ ಸವರ್ತಾ ಸವರ್ತಾ ಅಲುಗೋದ್ರಿಂದ ಹಾಗಾಗುತ್ತೆ, ದಾರ ಎಲ್ಲಿ ಕೂರ್ಬೇಕು ಅನ್ನೋದು ಕಿವಿಗೆ ಮಾತ್ರ ಗೊತ್ತು. ರೂಮಲ್ಲಿದ್ದ ನಮಗೆ ರೋಮಾಂಚನ. ಅವರು ಮಾತ್ರ, ಇವತ್ತ ಹವಾದಾಗ ನೀರ್ ಭಾಳ ಅದ, ಒಂದ್ ತಾಸಿನ್ಯಾಗ ಮತ್ತ ಸರೀತದ ಅಂತ ಬೇಜಾರು. ಕುಂಬಳದ ಬುರುಡೆ ಎಲ್ಲಿಂದ ತರ್ತೀರಿ ಅಂದ್ರೆ ಪಂಢರಪುರದ ಕಡೆಯಿಂದ ಅಂದ್ರು, ಅಲ್ಲಿ ಅದಕ್ಕೇ ಅಂತ ಬೆಳೀತಾರೆ, ಸೋರೆ ಜಾತಿ, ತಿನ್ನೋದಲ್ಲ.

ಅವತ್ತು ಒಂದು ಫೋನ್ ಮರಾಠಿಯಲ್ಲಿ ಬಂತು. ಕಲ್ಯಾಣಿನ ರಿಕ್ಷಾ ಡ್ರೈವರ್, ಹಿಂದೆ ಕೂತ ಕನ್ನಡದ ಪ್ಯಾಸೆಂಜರ್ ಮೊಬೈಲಲ್ಲಿ ಜೋರಾಗಿ ಹಾಕಿದ್ರಂತೆ. ಭಾಷೆ ಗೊತ್ತಾಗ್ಲಿಲ್ಲ, ಸದ್ದು ಬದಲಾಗಿದ್ದು ಗೊತ್ತಾಯ್ತು, ಏನ್ ಮಾಡಿದ್ರಿ ಅಂತ ಕೇಳಿ ಹೇಳಿ ಅಂದ್ರು. ಮಿರಜಿನೋರು ಮರಾಠಿಯಲ್ಲೇ ಉತ್ತರ ಕೊಟ್ರು. ಕನ್ನಡ ಪ್ರೋಗ್ರಾಮಲ್ಲಿ ಮರಾಠಿ ಯಾಕೆ ಅಂತ ಆಮೇಲೆ ಇಬ್ರು ಮೂವರು ಬೇಜಾರು ಮಾಡ್ಕೊಂಡ್ರು. ಮಾಡ್ಕೊಳ್ಲಿ. ನಮ್ಮ ಮನೆಗಳಲ್ಲೇ ತುಳು, ಕೊಂಕಣಿ, ಮರಾಠಿ, ಹಿಂದಿ ಎಲ್ಲ ಒಂದೇ ಊಟದ ಹೊತ್ತಲ್ಲಿ ಬರುತ್ತೆ, ರೇಡಿಯೋದಲ್ಲಿ ಮಾತ್ರ ಮಡಿ ಉಡೋದು ಯಾಕೆ.

ಪಿಗ್ಮಿಯವರ ವಿಷಯ ಬೇಗ ಹೇಳ್ತೀನಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ದಿನಾ ಎರಡಾಣೆಯಿಂದ ಮನೆಬಾಗಿಲಲ್ಲಿ ಕಲೆಕ್ಟ್ ಮಾಡೋ ಪಿಗ್ಮಿ ಶುರು ಮಾಡಿದ್ದು, 2020ರಲ್ಲಿ ಕೆನರಾ ಜೊತೆ ಸೇರ್ಕೊಂಡಿದ್ದು, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಕೇಳಿದ್ದು ಅವರ ದಿನದ ರೂಟು. ಪಾನ್ ಅಂಗಡಿ ಮೊದಲು, ಬೋಣಿ ಆದ ತಕ್ಷಣ ಕೊಟ್ಬಿಡ್ತಾನೆ, ಟೈಲರ್ ಕೊನೆಗೆ, ಅವನಿಗೆ ಸಂಜೆನೇ ದುಡ್ಡು ಬರೋದು. ಒಬ್ಬ ಅಂಗಡಿಯೋನು ಸತತ ಮೂರು ದಿನ "ನಾಳೆ ಬನ್ನಿ ಭಟ್ರೇ" ಅಂದ್ರೆ ಅವನ ಮನೇಲಿ ಏನೋ ಆಗಿದೆ ಅಂತ ಅವನ ಅಣ್ಣತಮ್ಮಂದಿರಿಗಿಂತ ಮುಂಚೆ ನಮಗೆ ಗೊತ್ತಾಗೋದು ಅಂದ್ರು.

ಕೊನೇ ವಾರದಲ್ಲಿ ಜುಲೈ 26ರ ಹೊತ್ತಿಗೆ ಮಳೆ ಅಳೆಯೋರನ್ನ ಕರೆದಿದ್ದು ಯಾಕೆ ಅಂತ ಮುಂಬಯಿಯೋರಿಗೆ ಹೇಳ್ಬೇಕಾಗಿಲ್ಲ. 2005, ಸಾಂತಾಕ್ರೂಜ್, ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಈ ನಂಬರ್ ನಮಗೆಲ್ಲ ಬಾಯಿಪಾಠ. ಅದೇ ದಿನ ಕೊಲಾಬಾದಲ್ಲಿ ಬಿದ್ದಿದ್ದು 70ರ ಆಸುಪಾಸು ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ, ಒಂದೇ ಊರು, ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಫೋರ್ಟಿನ ಆಫೀಸಲ್ಲಿ ಕೂತೋರಿಗೆ ಅದಕ್ಕೇ ಏನೂ ಗೊತ್ತಾಗ್ಲಿಲ್ಲ, ಮಾಮೂಲಿ ಮಳೆ ಅಂತ ಮನೆಗೆ ಹೊರಟ್ರು. ಗೆಸ್ಟು ಹೇಳಿದ್ದು, ಹವಾಮಾನ ಇಲಾಖೆಯ ದಿನ ಶುರುವಾಗೋದು ಬೆಳಿಗ್ಗೆ ಎಂಟೂವರೆಗೆ, ಮುಗಿಯೋದು ಮಾರನೇ ದಿನ ಎಂಟೂವರೆಗೆ, 944 ಅನ್ನೋದು 27ನೇ ತಾರೀಖು ಬೆಳಿಗ್ಗೆ ಓದಿದ ಲೆಕ್ಕ. 204.4 ದಾಟಿದ್ರೇ ಅವರ ಪುಸ್ತಕದಲ್ಲಿ ಅತ್ಯಂತ ಭಾರಿ ಮಳೆ, ಅದಕ್ಕಿಂತ ಮೇಲೆ ಇನ್ನೊಂದು ಹೆಸರೇ ಇಲ್ಲ.

ಇಂಥ ದಿನದ ಮೇಲೆ ಫೋನ್-ಇನ್ ಇಟ್ರೆ ಏನಾಗುತ್ತೆ, ನೀವೆಲ್ಲಿದ್ರಿ ಅಂತ ಕೇಳಿದ್ರೆ ಎಲ್ಲರೂ "ಆ ದಿನ ಮರೆಯೋಕಾಗಲ್ಲ" ಅಂತಾರೆ, ಅಲ್ಲಿಗೆ ಮುಗೀತು. ನಾವು ಕೇಳಿದ್ದು, ಅವತ್ತು ನಿಮ್ಮ ಕಾಲಲ್ಲಿ ಏನಿತ್ತು? ಅಷ್ಟೇ ಪ್ರಶ್ನೆ. ಒಬ್ರು ಹೊಸ ಲೆದರ್ ಶೂ, ಎಂಗೇಜ್‌ಮೆಂಟಿಗೆ ತಗೊಂಡಿದ್ದು, ಕುತ್ತಿಗೆಗೆ ನೇತುಹಾಕ್ಕೊಂಡು ಸಾಯನ್‌ನಿಂದ ಥಾಣೆವರೆಗೆ ಟ್ರ್ಯಾಕ್ ಮೇಲೆ ನಡೆದ್ರು. ಒಬ್ಬಾಕೆ ಕುರ್ಲಾದಲ್ಲಿ ಒಂದು ಚಪ್ಪಲಿ ಹೋಯ್ತು, ಇನ್ನೊಂದು ಬಿಸಾಕೋಕೆ ಮನಸಾಗ್ದೆ ಕೈಯಲ್ಲಿ ಹಿಡ್ಕೊಂಡೇ ಇದ್ರು, ರಾತ್ರಿ ಯಾರದೋ ಮನೇಲಿ ಮಲಗಿದಾಗ ಆ ಮನೆಯಾಕೆ ಬೆಳಿಗ್ಗೆ ತನ್ನ ಸ್ಲಿಪ್ಪರ್ ಕೊಟ್ಟು ಕಳಿಸಿದ್ರು, ವಾಪಸ್ ಕೊಡೋಕೆ ಹೋದ್ರೆ ಆ ಗಲ್ಲಿನೇ ಸಿಗ್ಲಿಲ್ಲ. ಇನ್ನೊಬ್ರು, ನಾನಾಗ ಸ್ಕೂಲಲ್ಲಿದ್ದೆ ಅಕ್ಕಾ, ಗಮ್‌ಬೂಟ್ ಒಳಗೆ ನೀರು ತುಂಬಿ ಕಾಲೆತ್ತೋಕಾಗ್ಲಿಲ್ಲ, ವಾಚ್‌ಮನ್ ಅಂಕಲ್ ಬೂಟ್ ಬಿಚ್ಚಿಸಿ ಹೆಗಲ ಮೇಲೆ ಕೂರಿಸ್ಕೊಂಡ್ರು. ಎಂಟು ಗಂಟೆ ಆದ್ರೂ ಫೋನ್ ನಿಲ್ಲಲಿಲ್ಲ, ಅವತ್ತೊಂದು ದಿನ ಎಂಟೂವರೆವರೆಗೆ ಎಳೆದ್ವಿ.

ಸಭೆಯಲ್ಲಿ ಯಾರೋ ಚೀಟಿ ಕಳಿಸಿದಾರೆ, ಗೆಸ್ಟಿಗೆ ದುಡ್ಡು ಕೊಡ್ತೀರಾ ಅಂತ. ರಿಕ್ಷಾ ಚಾರ್ಜು, ಟೀ, ಅವತ್ತು ಏನಿರುತ್ತೋ ಆ ತಿಂಡಿ. ಹಿಟ್ಟು ರುಬ್ಬೋರು ಬಂದ ದಿನ ತಿಂಡಿ ಕೊಡೋಕೆ ನಮಗೇ ಹೆದರಿಕೆ, ಬಿಸ್ಕತ್ತಲ್ಲಿ ಮುಗಿಸಿದ್ವಿ. ಇನ್ನೊಂದು ಚೀಟಿ, ಮುಂದೆ ಯಾರನ್ನ ಕರೀತೀರಿ ಅಂತ. ಕೋಲಿ ಮೀನುಗಾರರ ದೋಣಿಯೋರೊಬ್ರು ಒಪ್ಕೊಂಡಿದಾರೆ, ಜೂನ್ ಒಂದರಿಂದ ಜುಲೈ ಕೊನೆವರೆಗೆ ಮೀನುಗಾರಿಕೆ ಬಂದ್ ಇರೋ 61 ದಿನ ಬಲೆ ಹೆಂಗೆ ಹೊಲೀತಾರೆ ಅಂತ. ಲಿಫ್ಟ್ ರಿಪೇರಿಯೋರು ಬೇಕಾಗಿದಾರೆ, ಹಳೇ ಜಾಲರಿ ಬಾಗಿಲಿನ ಲಿಫ್ಟ್ ಗೊತ್ತಿರೋರು. ಸ್ಮಶಾನದಲ್ಲಿ ರಿಜಿಸ್ಟರ್ ಬರೆಯೋರೊಬ್ರನ್ನ ಕೇಳ್ತಾ ಇದೀನಿ, ಇನ್ನೂ ಹೂಂ ಅಂದಿಲ್ಲ. ಮದುವೆ ಫೋಟೋ ಆಲ್ಬಮ್ ಅಂಟಿಸ್ತಿದ್ದೋರು, ಮಾಟುಂಗ ಮಾರ್ಕೆಟಲ್ಲಿ ಬಾಳೆ ಎಲೆ ಮಾರೋರು, ಯಕ್ಷಗಾನದ ಮದ್ದಳೆಗೆ ಕರಣೆ, ಅಂದ್ರೆ ಆ ಕಪ್ಪು ಲೇಪ, ಹಾಕೋರು, ಇಂಥೋರು ನಿಮ್ಮ ಮನೇಲಿ ಅಥವಾ ಬಿಲ್ಡಿಂಗಲ್ಲಿ ಇದ್ರೆ ಹೊರಗೆ ಹೋಗೋವಾಗ ನನಗೆ ಹೇಳಿ ಹೋಗಿ. ಮಾತಾಡೋಕೆ ಬರಲ್ಲ ಅಂತಾರೆ ಎಲ್ಲರೂ, ಅದಕ್ಕೆ ಚಿಂತೆ ಬೇಡ, ಮೊದಲ ಐದು ನಿಮಿಷ ನಾನೇ ಮಾತಾಡ್ತಿರ್ತೀನಿ.